ಉಂಗುರದ ಪಾದಕ್ಕೆ ಮೇಣ

ಹೋದ ಭಾನುವಾರ ಹುರುಳಿಕಾಯಿ, ಎಳೆಸೌತೆ ತುಂಬಿದ ಚೀಲ ಹಿಡಿದು ಮನೆಗೆ ಬಂದಾಗ ಮೆಟ್ಟಿಲ ಬುಡದಲ್ಲೇ ಆ ವಾಸನೆ ಮೂಗಿಗೆ ಬಡಿಯಿತು. ಎಪಾಕ್ಸಿ. ಎರಡು ಬಾಟಲಿಯ ಅಂಟನ್ನು ಸಮಸಮ ಬೆರೆಸಿದಾಗ ಏಳುವ, ಉಗುರುಬಣ್ಣಕ್ಕೂ ಹಳೇ ಎಣ್ಣೆಗೂ ನಡುವಿನ ವಾಸನೆ. ನೋಡುತ್ತೇನೆ, ನನ್ನ ಖಾಲಿ ಕೈ ತಾನಾಗಿ ತಿರುಗುತ್ತಿದೆ. ಹೆಬ್ಬೆರಳು ತೋರುಬೆರಳುಗಳ ನಡುವೆ ಇಲ್ಲದ ಕೋಲೊಂದನ್ನು ಮೆಲ್ಲಗೆ ಉರುಳಿಸುತ್ತಿದೆ. ಆ ಕೆಲಸ ಬಿಟ್ಟು ನನಗೆ ಆರು ವರ್ಷ. ಮೇಲಿನ ಕೋಣೆಯಲ್ಲಿ ಇದ್ದವರು ನಮ್ಮವರೊಬ್ಬರೇ. ಹತ್ತಬೇಕಾದ ಮೆಟ್ಟಿಲ ಮೇಲೆ ಚೀಲ ಇಟ್ಟು ಅಲ್ಲೇ ಕೂತುಬಿಟ್ಟೆ.

ನಾನು ಆ ಕೆಲಸ ಬಿಟ್ಟ ವರ್ಷ ನಮ್ಮ ಬೂದಿಗೆರೆಯ ಸುತ್ತ ಮಳೆ ಬಿಡದೆ ಹೊಯ್ದಿತ್ತು. ಉತ್ತರೆ ಮಳೆಗೆ ಹಿಡಿದದ್ದು ಚಿತ್ತೆ ಮಳೆ ಮುಗಿದರೂ ಬಿಡಲಿಲ್ಲ. ರಾಗಿ ತೆನೆ ತಲೆ ಎತ್ತಲಾರದೆ ಹೊಲದಲ್ಲೇ ಕಪ್ಪಾಯಿತು. ಗೋಡೆಗೆ ಒರಗಿಸಿಟ್ಟ ಚಾಪೆಯ ಹಿಂದೆ ಬೂಷ್ಟು ಬಂದು ಹೂವಿನ ಆಕಾರ ತಳೆದಿತ್ತು. ಇಳಿಯುವ ವಿಮಾನಗಳು ಮೋಡದೊಳಗೆ ಕಾಣದೆ ಸದ್ದಾಗಿ ಮಾತ್ರ ತಲೆಯ ಮೇಲೆ ಹಾದುಹೋಗುತ್ತಿದ್ದವು.

ನಮ್ಮವರ ಹೆಸರು ಮುನಿರಾಜು, ಊರಿಗೆಲ್ಲ ರಾಜಣ್ಣ. ವಿಮಾನ ನಿಲ್ದಾಣದಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದರು. ಅದಕ್ಕೆ ಎರಡು ವರ್ಷ ಮುಂಚಿನ ಬೇಸಿಗೆಯಲ್ಲಿ ಒಬ್ಬರು ಪ್ರಯಾಣಿಕರು ಅಂಡಮಾನಿನಿಂದ ಬಂದಿಳಿದು ಅವರ ಕಾರು ಹತ್ತಿದರಂತೆ. ಜೊತೆಗೆ ಉದ್ದನೆಯ ಕೊಳವೆಯಲ್ಲಿ ಗಾಳದ ಕೋಲು. ವಿಮಾನದಲ್ಲಿ ಸಾಮಾನು ಎಸೆದಾಡಿದ್ದಕ್ಕೆ ಅದರ ಮೇಲಿನ ಮೂರು ಉಂಗುರ ಕಿತ್ತುಬಂದಿದ್ದವು. ಗಾಳದ ದಾರ ಹಾದುಹೋಗುವುದು ಆ ಉಂಗುರಗಳ ಮೂಲಕವೇ. ಅವು ಹೋದರೆ ಕೋಲು ಬರೀ ಬಡಿಗೆ. ದಾರಿಯುದ್ದಕ್ಕೂ ಅವರು ಸಮುದ್ರದ ತಳದ ಮೀನಿನ ಕತೆ ಹೇಳಿದರಂತೆ. ಗುಂಡುಕಲ್ಲಿನ ಹಾಗೆ ಕೆಳಗೆ ಕೂತಿರುವ ಮೀನು, ಬಾಯಿ ಹಾಕಿದ ಕ್ಷಣವೇ ಬಂಡೆಯ ಬಿಲಕ್ಕೆ ತಿರುಗುತ್ತದೆ. ಮೊದಲ ಹತ್ತು ಎಣಿಸುವಷ್ಟರಲ್ಲಿ ತಡೆದು ನಿಲ್ಲಿಸಿದರೆ ನಿಮ್ಮದು, ಒಂದು ಮೊಳ ಬಿಟ್ಟುಕೊಟ್ಟರೆ ಅದರದ್ದು.

ಆ ಕೋಲನ್ನು ಇವರು ರಿಪೇರಿಗೆ ಕೊಟ್ಟದ್ದು ದೇವನಹಳ್ಳಿ ಕೋಟೆಯ ಹತ್ತಿರದ ಖಾದರ್ ಭಾಯ್‌ಗೆ. ಕೊಡೆ ರಿಪೇರಿಯ ಪುಟ್ಟ ಅಂಗಡಿ. ಅದರ ಒಂದು ಗೋಡೆಯ ತುಂಬ ಗಾಳ, ಬಲೆ, ಸೀಸದ ಗುಂಡು. ಅವರ ಕೈ ಆಗಲೇ ನಡುಗುತ್ತಿತ್ತು. ಒಂದು ಮಧ್ಯಾಹ್ನ ಇವರೊಂದಿಗೆ ಅಂಗಡಿಗೆ ಹೋಗಿದ್ದಾಗ ನನ್ನ ಸೆರಗಿನ ಅಂಚಿನ ಕಸೂತಿ ಕಂಡು ಅವರು ಕನ್ನಡಕ ಹಣೆಗೇರಿಸಿದರು.

“ಇದು ಯಾರ ಕೈಯಮ್ಮಾ?”

“ನಂದೇ ಭಾಯ್. ಕಾನ್ವೆಂಟಲ್ಲಿ ಕಲ್ತಿದ್ದು.”

“ಹಿಂದುಗಡೆ ತೋರ್ಸು.”

ನನಗೆ ನಗು ಬಂತು. ಸಿಸ್ಟರ್ ಫಿಲೋಮಿನಾ ಕೂಡ ಯಾವತ್ತೂ ಹೊಲಿಗೆಯ ಮುಂಭಾಗ ನೋಡುತ್ತಿರಲಿಲ್ಲ. ಬಟ್ಟೆ ಮಗುಚಿ, ಹಿಂಬದಿಯಲ್ಲಿ ಒಂದು ಗಂಟು ಕಂಡರೂ ಅಷ್ಟನ್ನೂ ಬಿಚ್ಚಿಸುತ್ತಿದ್ದರು. ದಾರ ಜಗ್ಗದಿರಲೆಂದು ಮೇಣದ ಬತ್ತಿಯ ತುಂಡಿಗೆ ಎಳೆದು ಸವರುವುದನ್ನೂ ಅವರೇ ಕಲಿಸಿದ್ದು. ಭಾಯ್ ನನ್ನ ಸೆರಗಿನ ಹಿಂಬದಿ ನೋಡಿ, ಕೋಲನ್ನೂ ರೇಷ್ಮೆಯಂಥ ನೈಲಾನ್ ದಾರದ ಉಂಡೆಯನ್ನೂ ನನ್ನ ಮುಂದಿಟ್ಟರು.

ಹೀಗೆ ಕಲಿತೆ. ಕೋಲಿನ ಮೇಲೆ ಕೂರಲು ಉಂಗುರಕ್ಕೆ ಎರಡು ಪಾದ. ಪಾದದ ತುದಿಯನ್ನು ಅರದಿಂದ ಉಜ್ಜಿ ತೆಳ್ಳಗೆ ಮಾಡಬೇಕು, ದಾರ ಮೆಟ್ಟಿಲು ಹತ್ತಿದ ಹಾಗೆ ಅದರ ಮೇಲೇರಲು. ಕೋಲನ್ನು ತಿರುಗಿಸುತ್ತ ದಾರವನ್ನು ಸುತ್ತಿನ ಪಕ್ಕ ಸುತ್ತು ಒತ್ತಾಗಿ ಕೂರಿಸಬೇಕು. ಎಲ್ಲೂ ಗಂಟಿಲ್ಲ, ಕೊನೆಯ ಎಂಟು ಸುತ್ತಿನ ಅಡಿಯಿಂದ ದಾರದ ತುದಿಯನ್ನು ಒಳಗೆಳೆದು ಕತ್ತರಿಸಿಬಿಡುವುದು. ಆಮೇಲೆ ಎಪಾಕ್ಸಿ ಸವರಿ, ಅದು ಬಿಗಿಯುವ ತನಕ ಕೋಲನ್ನು ತಿರುಗಿಸುತ್ತಲೇ ಇರಬೇಕು. ಕೈ ನಿಂತಿತೋ, ಅಂಟು ಕೆಳಗಿಳಿದು ಹನಿಯಾಗಿ ತೂಗುತ್ತದೆ, ಹಾಗೇ ಗಟ್ಟಿಯಾಗುತ್ತದೆ. ಮತ್ತೆ ಸರಿಮಾಡಲು ಬರುವುದಿಲ್ಲ.

“ಈ ಪಾದ ದಾರದೊಳಗಿದ್ರೆ ಪಾದ,” ಎನ್ನುತ್ತಿದ್ದರು ಭಾಯ್, ಉಜ್ಜಿದ ಅಂಚನ್ನು ಉಗುರಿನ ಮೇಲೆ ಎಳೆದು ತೋರಿಸುತ್ತ. “ಹೊರಗ್ ಬಂದ್ರೆ ಬ್ಲೇಡು. ಬಿಗಿಯಾಗಿರೋ ಗಾಳದ ಲೈನು ಇದಕ್ಕೆ ತಾಗಿದ್ರೆ ಅಷ್ಟೇ, ಕಚಕ್.”

ಆ ಪ್ರಯಾಣಿಕರ ಕೋಲಾದ ಮೇಲೆ ಅವರ ಸ್ನೇಹಿತರ ಕೋಲುಗಳು ಬಂದವು. ವಿಮಾನ ಹತ್ತುವವರು, ಇಳಿಯುವವರು. ಮೇಲಿನ ಕೋಣೆಯ ಕಿಟಕಿಯ ಬಳಿ ನನ್ನದೊಂದು ಮೇಜಾಯಿತು. ಅಡುಗೆ ಮುಗಿಸಿ ಕೂತರೆ ಮಧ್ಯಾಹ್ನ ಹೋದದ್ದೇ ತಿಳಿಯುತ್ತಿರಲಿಲ್ಲ. ಕಡುಗೆಂಪು ದಾರ, ಎರಡು ತುದಿಗೂ ಹೊಂಬಣ್ಣದ ನಾಲ್ಕು ಸುತ್ತು: ಅದು ನನ್ನ ಗುರುತು. ಖಾದರ್ ಭಾಯ್ ಅಂಗಡಿಯ ಕಟ್ಟು ಬಿಟ್ಟುಕೊಳ್ಳುವುದಿಲ್ಲ ಎಂಬ ಮಾತು ನಾನು ಕಾಣದ ಸಮುದ್ರಗಳವರೆಗೆ ಹೋಗಿದೆ ಎಂದು ಇವರು ಬಂದು ಹೇಳುವಾಗ ಹೆಮ್ಮೆಯಾಗುತ್ತಿತ್ತು. ಇವರಿಗೂ ಹೆಮ್ಮೆಯೇ. ಆದರೆ ಬೇರೆಯವರ ಕೋಲನ್ನು ಕೈಯಲ್ಲಿ ಹಿಡಿದು ತೂಗುವಾಗ ಇವರ ಕಣ್ಣು ಎಲ್ಲೋ ಇರುತ್ತಿತ್ತು. ಹತ್ತು ವರ್ಷದಿಂದ ಮಂದಿಯನ್ನು ಅವರವರು ಹೋಗಬೇಕಾದಲ್ಲಿಗೆ ಬಿಟ್ಟುಬಂದ ಮನುಷ್ಯ. ತಾನು ಹೋಗಬೇಕಾದದ್ದು ಎಲ್ಲಿಗೆಂದು ಯೋಚಿಸುತ್ತಿದ್ದರೋ ಏನೋ.

ಆ ಜಾಗ ನಮ್ಮ ಹಿತ್ತಲಿನಿಂದ ಒಂದೂವರೆ ಮೈಲಿಯೊಳಗೇ ಇತ್ತು.

ನೀಲಗಿರಿ ತೋಪು ದಾಟಿದರೆ ಹಳೇ ಕಲ್ಲಿನ ಕ್ವಾರಿ. ಕೆಳಗೆ ಕಲ್ಲು ಸೀಳುವಾಗ ಸೆಲೆ ಒಡೆದು, ಮೇಲೆತ್ತಲಾಗದೆ ಒಂದು ಯಂತ್ರವನ್ನೇ ಬಿಟ್ಟು ಬಂದಿದ್ದರಂತೆ. ಆ ಮಳೆಗೆ ಅದು ತುಂಬಿ, ನೀರು ಹಸಿರೂ ಅಲ್ಲದ ಕಪ್ಪೂ ಅಲ್ಲದ ಬಣ್ಣಕ್ಕೆ ನಿಂತಿತು. ಹತ್ತಿರದಲ್ಲಿ ಯಾರೋ ಹೊಂಡ ತೋಡಿ, ಕೋಳಿ ಅಂಗಡಿಯ ಕಸ ತಿನ್ನಿಸಿ ಕ್ಯಾಟ್‌ಫಿಶ್ ಸಾಕುತ್ತಿದ್ದರು. ಸಾಕಕೂಡದ ಮೀನು ಅದು. ತಪಾಸಣೆಗೆ ಬರುತ್ತಾರೆಂದು ಸುಳಿವು ಸಿಕ್ಕಿ, ಕೆಲವು ವರ್ಷದ ಹಿಂದೆ ಹೊಂಡದಲ್ಲಿದ್ದುದನ್ನೆಲ್ಲ ತಂದು ಕ್ವಾರಿಗೆ ಸುರಿದಿದ್ದರು. ಮೀಸೆಯ ಮೀನುಗಳು. ತಳದಲ್ಲಿ ಒಂದನ್ನೊಂದು ತಿಂದು ಉಳಿದವು ಎಷ್ಟಾಗಿವೆಯೋ ಯಾರಿಗೂ ಗೊತ್ತಿರಲಿಲ್ಲ.

ತೋಪಿನ ಪಕ್ಕದ ತೋಟದವರ ಎಂಟು ಬಾತುಕೋಳಿ ಆ ನೀರಿಗಿಳಿಯುತ್ತಿದ್ದವು. ಉತ್ತರೆ ಮಳೆ ಮುಗಿಯುವ ಹೊತ್ತಿಗೆ ಐದು. ಒಂದು ಸಂಜೆ ಇವರನ್ನು ಹುಡುಕಿಕೊಂಡು ಹೋದಾಗ ಕಣ್ಣಾರೆ ಕಂಡೆ: ಬಿಳಿ ಬಾತು ಕತ್ತು ತಿರುಗಿಸಿ ರೆಕ್ಕೆ ಕೆರೆದುಕೊಳ್ಳುತ್ತಿತ್ತು. ಮರುಕ್ಷಣ ಇರಲಿಲ್ಲ. ಕೂಗಿಲ್ಲ, ಒದ್ದಾಟವಿಲ್ಲ. ನೀರಿನ ಮೇಲೆ ಒಂದು ಬಳೆ ಅಗಲವಾಗುತ್ತ ಹೋಗಿ ದಡಕ್ಕೆ ತಾಗಿತು. ಮಿಕ್ಕ ಬಾತುಗಳು ಸುಮ್ಮನೆ ತೇಲುತ್ತಲೇ ಇದ್ದವು. ನನಗೆ ಅದೇ ಹೆಚ್ಚು ಭಯವಾದದ್ದು.

ಇವರಿಗೆ ಈಜು ಬರುವುದಿಲ್ಲ. ಕ್ವಾರಿಯ ದಡ ಎಂದರೆ ಪಾಚಿ ಹಿಡಿದ ಇಳಿಜಾರು ಬಂಡೆ, ಅದು ಮುಗಿದಲ್ಲಿ ನೇರ ಆಳ.

ಮೊದಲ ಸಲ ಆ ಮೀನು ಇವರ ಗಾಳ ಕಚ್ಚಿದಾಗ ಯಾರಿಂದಲೋ ಎರವಲು ತಂದ ಕೋಲು ಕೈಯಿಂದ ಹಾರಿ ನೀರಿಗೆ ಹೋಯಿತು. ಅಂಗೈ ಸಿಪ್ಪೆ ಸುಲಿದಂತಾಗಿತ್ತು. ಅರಿಶಿನ ಹಚ್ಚುವಾಗ ಇವರು ನೋವೆನ್ನಲಿಲ್ಲ, ನಗುತ್ತಿದ್ದರು. ಜೊತೆಗಿದ್ದ ಚಂದ್ರು, ಇವರ ಚಿಕ್ಕಪ್ಪನ ಮಗ, ಬಾಗಿಲಲ್ಲಿ ನಿಂತು ಹೇಳಿದ:

“ಅತ್ತಿಗೆ, ಇನ್ನೊಂದ್ಸಲ ಹೋದ್ರೆ ಅಣ್ಣನ್ನೇ ಹಿಡ್ಕೊಂಡ್ಹೋಗ್ತದೆ ಅದು. ಫ್ರೈ ಮಾಡ್ತದೋ ಸಾರು ಮಾಡ್ತದೋ ಕೇಳ್ಕೊಂಡ್ ಬರ್ಲಾ?”

“ಸುಮ್ನಿರೋ ಲೇ,” ಎಂದರು ಇವರು. “ಕೈಲಿ ಹಿಡ್ದಿದ್ದೇ ತಪ್ಪು. ಮೈಗೇ ಕಟ್ಕೋಬೇಕು.”

ಮರುದಿನ ಗುಜರಿಗೆ ಹೋದ ಕಾರಿನ ಸೀಟ್ ಬೆಲ್ಟ್ ತಂದು ನನ್ನ ಮಡಿಲಿಗೆ ಹಾಕಿದರು. ಒಂದು ತುದಿ ಸೊಂಟಕ್ಕೆ, ಇನ್ನೊಂದು ಕೋಲಿನ ಬುಡಕ್ಕೆ. ಜೊತೆಗೆ ಖಾದರ್ ಭಾಯ್ ಮೂಲಕ ತರಿಸಿದ, ಸಮುದ್ರದವರು ಬಳಸುವ ದಪ್ಪ ಕೋಲು. ಉಂಗುರಗಳನ್ನು ಭಾಯ್ ಉಜ್ಜಿ ಕೊಟ್ಟಿದ್ದರು. ಬೆಲ್ಟಿನ ವಿಷಯ ಹೇಳಿದಾಗ ಅವರ ಮುಖ ಸಣ್ಣದಾಯಿತು.

“ಸಮುದ್ರದವ್ರೂ ಕಟ್ಕೋತಾರಮ್ಮಾ. ಆದ್ರೆ ಒಂದೇ ಎಳೆತಕ್ಕೆ ಬಿಚ್ಕೊಳ್ಳೋ ಕೊಕ್ಕೆ ಇಟ್ಟಿರ್ತಾರೆ. ಎಲ್ಲಾ ಗಟ್ಟಿ ಮಾಡು. ಬಿಡೋ ಜಾಗ ಒಂದಿರ್ಲಿ.”

ಅವರು ಕೊಟ್ಟ ಕೊಕ್ಕೆಯನ್ನೇ ಇಟ್ಟು ಹೊಲಿದೆ. ಇವರು ಕಿಟಕಿಯ ಸರಳಿಗೆ ಸಿಕ್ಕಿಸಿ ಎಳೆದು ನೋಡಿದರು. ಕೊಕ್ಕೆ ಬಿಟ್ಟುಕೊಂಡಿತು.

“ಬಿಚ್ಕೊಳ್ಳೋದಾದ್ರೆ ಕಟ್ಟೋದ್ಯಾಕೆ ಗೀತಾ?”

“ರೀ, ನಿಮಗೆ ಈಜು ಬರಲ್ಲ.”

“ನಾನೇನ್ ಈಜಕ್ ಹೋಗ್ತಿದೀನಾ? ಮೀನು ಹಿಡಿಯೋಕ್ ಹೋಗ್ತಿರೋದು. ಕೊಕ್ಕೆ ತೆಗ್ದು ಹೊಲ್ದುಬಿಡು.”

“ಹೊಲಿಯಲ್ಲ.”

“ಸರಿ ಬಿಡು, ಶೂ ರಿಪೇರಿಯವನ ಹತ್ರ ಹೊಲಿಸ್ತೀನಿ.”

ಬೇರೆಯವರ ಕೈಗೆ ಹೋಗುವುದಕ್ಕಿಂತ ನನ್ನ ಕೈಯಲ್ಲೇ ಇರಲಿ ಎನಿಸಿತು. ಯಾಕೆ ಹಾಗನ್ನಿಸಿತೋ ಆಗ ನನಗೇ ಗೊತ್ತಿರಲಿಲ್ಲ. ಚೌಕಾಕಾರ ಹೊಲಿದು ನಡುವೆ ಅಡ್ಡಗೆರೆ ಹಾಕಿದೆ. ಇವರು ಮತ್ತೆ ಸರಳಿಗೆ ಸಿಕ್ಕಿಸಿ, ಕಾಲೂರಿ, ಮೈಯೆಲ್ಲ ಭಾರ ಬಿಟ್ಟು ಎಳೆದರು. ಸರಳು ಕಿರುಗುಟ್ಟಿತು, ಹೊಲಿಗೆ ಅಲುಗಲಿಲ್ಲ. “ಭಲೇ,” ಎಂದರು.

ಬೆಲ್ಟನ್ನು ಎಳೆದು ನೋಡಬಹುದು. ಬಣ್ಣದ ದಾರದ ಕೆಳಗೆ, ಗಾಜಿನಂಥ ಅಂಟಿನ ಕೆಳಗೆ ಏನಿದೆಯೆಂದು ಯಾರು ನೋಡುತ್ತಾರೆ? ಇದು ನನಗೆ ಹೊಳೆದದ್ದು ಮರುದಿನ ಮಧ್ಯಾಹ್ನ, ಮೇಜಿನ ಮುಂದೆ ಕೋಲು ಹಿಡಿದು ಕೂತಾಗ. ಐದು ಉಂಗುರ ಕಟ್ಟಿಯಾಗಿತ್ತು. ಕೋಲು ಹೆಚ್ಚು ಬಗ್ಗುವ ನಡುಭಾಗದ ಉಂಗುರ ಬಾಕಿ. ಹೊರಗೆ ಮಳೆ. ಮಧ್ಯಾಹ್ನಕ್ಕೇ ಕತ್ತಲಾಗಿ ಕರೆಂಟು ಹೋಯಿತು. ಮೇಣದ ಬತ್ತಿ ಹಚ್ಚಲು ಹೊರಟವಳು ಹಚ್ಚಲಿಲ್ಲ. ಅದನ್ನು ಉಂಗುರದ ಎರಡೂ ಪಾದಗಳಿಗೆ ಸವರಿದೆ, ಅಡಿಗೂ ಮೇಲಕ್ಕೂ, ತೆಳ್ಳಗೆ. ಮೇಣ ಸವರಿದ ಕಬ್ಬಿಣವನ್ನು ಎಪಾಕ್ಸಿ ಹಿಡಿಯುವುದಿಲ್ಲ. ಮೇಲೆ ಸಡಿಲವಾಗಿ ದಾರ ಸುತ್ತಿ, ಎಂಟು ಸುತ್ತಿನ ಬದಲು ಎರಡೇ ಸುತ್ತಿನಡಿ ತುದಿಯನ್ನು ತೂರಿಸಿ ಕತ್ತರಿಸಿದೆ. ಕಡುಗೆಂಪು, ಹೊಂಬಣ್ಣದ ಅಂಚು. ಆರೂ ಉಂಗುರ ಒಂದೇ ಥರ ಕಾಣುತ್ತಿದ್ದವು. ಅಷ್ಟು ಸುಳ್ಳಾದ ಕೆಲಸ ಅಷ್ಟು ಚಂದ ಕಾಣಬಹುದೆಂದು ನನಗೆ ಗೊತ್ತಿರಲಿಲ್ಲ. ಅದು ಫಲಿಸುತ್ತದೆಂಬ ಖಾತ್ರಿಯೂ ಇರಲಿಲ್ಲ. ಅಂಟು ಒಣಗುವವರೆಗೆ ತಿರುಗಿಸುತ್ತ ಕೂತಿದ್ದಾಗ, ಕಾನ್ವೆಂಟಿನಲ್ಲಿ ಕಲಿತ ಪ್ರಾರ್ಥನೆಯನ್ನೂ ಅತ್ತೆ ಹೇಳಿಕೊಟ್ಟ ಮುನೇಶ್ವರನ ಹರಕೆಯನ್ನೂ ಬೆರೆಸಿ ಹೇಳಿಕೊಂಡೆ.

ಆಯುಧಪೂಜೆಗೆ ಕಾರಿನ ಪಕ್ಕ ಕೋಲನ್ನೂ ನಿಲ್ಲಿಸಿ ಚೆಂಡುಹೂ ಹಾಕಿದರು. ಕುಂಕುಮ ತುಂಬಿದ ಬೂದುಗುಂಬಳ ಒಡೆದಾಗ ಅದರ ಕೆಂಪು ಹಾರಿ ಬೆಲ್ಟಿನ ಮೇಲೆ ಬಿತ್ತು. ಎಷ್ಟು ತೊಳೆದರೂ ಹೋಗಲಿಲ್ಲ.

ಅದರ ಮುಂದಿನ ಭಾನುವಾರ, ಮಳೆ ಬಿಟ್ಟ ಸಂಜೆ, ನಾನೂ ಹೋದೆ. ಕಾಫಿ ಫ್ಲಾಸ್ಕ್ ನೆಪ. ಬಾತು ಒಂದೂ ಇರಲಿಲ್ಲ. ಚಂದ್ರು ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದ. ಇವರು ಬೆಲ್ಟ್ ಬಿಗಿದು, ಗಾಳದ ದಾರ ಸುತ್ತುವ ರೀಲಿನ ಬಿಗಿಯನ್ನು ಕೊನೆಯವರೆಗೆ ತಿರುಗಿಸಿ ಬಂಡೆಯ ಮೇಲೆ ನಿಂತಿದ್ದರು. ಒಂದು ಮೊಳವೂ ಬಿಡಬಾರದಲ್ಲ.

ಕೋಲು ಬಗ್ಗಿದ್ದು ನಿಧಾನವಾಗಿ. ಯಾರೋ ಕೆಳಗಿನಿಂದ ಬಾಗಿಲು ಎಳೆದ ಹಾಗೆ.

“ಬಂತು!” ಎಂದರು ಇವರು. ಎರಡು ಹೆಜ್ಜೆ ಹಿಂದಿಟ್ಟರು. ಆಮೇಲೆ ಅದೇ ಎರಡು ಹೆಜ್ಜೆಯಷ್ಟು, ಕಾಲೆತ್ತದೆಯೇ, ಮುಂದಕ್ಕೆ ಜಾರಿದರು. ಚಪ್ಪಲಿ ಪಾಚಿಯ ಮೇಲೆ ಎರಡು ನುಣ್ಣನೆ ಗೆರೆ ಎಳೆಯಿತು.

“ಅಣ್ಣ, ಬಿಡೋ! ಬಿಟ್ಬಿಡೋ!” ಚಂದ್ರು ಓಡಿ ಅಂಗಿ ಹಿಡಿದ. ಅಂಗಿ ಹರಿಯಿತು.

ಬಿಡಲು ಆಗುವಂತಿರಲಿಲ್ಲ. ಕೈ ಬಿಟ್ಟರೂ ಸೊಂಟ ಬಿಡುತ್ತಿರಲಿಲ್ಲ, ನಾನೇ ಹೊಲಿದಿದ್ದೆ. ಒಂದು ಕಾಲು ನೀರಿಗಿಳಿದದ್ದು ಕಂಡೆ. ಇವರು ನನ್ನ ಕಡೆ ತಿರುಗಿದರು. ಆ ಮುಖದಲ್ಲಿ ಹೆದರಿಕೆ ಇರಲಿಲ್ಲ, ಆಶ್ಚರ್ಯವಿತ್ತು. ಆಗ ಕೆಂಪು ದಾರ ನಡುಗೋಲಿನಲ್ಲಿ ಸಿಂಬಿ ಬಿಚ್ಚಿದಂತೆ ಬಿಚ್ಚಿಕೊಂಡಿತು. ಉಂಗುರ ಮಗುಚಿತು. ಕಚಕ್. ಇವರು ಹಿಂದಕ್ಕೆ, ಚಂದ್ರುವಿನ ಮೇಲೆ ಬಿದ್ದರು. ಉಂಗುರ ಬಂಡೆಗೆ ತಾಗಿ ಸಣ್ಣಗೆ ಒಮ್ಮೆ ಟಿಂಗೆಂದಿತು.

ದೂರದ ನೀರಿನಲ್ಲಿ ಒಂದು ದೊಡ್ಡ ಬಳೆ ಎದ್ದು, ಅಗಲವಾಗಿ, ನಮ್ಮ ಬಂಡೆಗೆ ಬಂದು ತಾಗಿತು.

“ಅತ್ತಿಗೆ, ಇನ್ನೊಂದ್ ಗೇಣು... ಇನ್ನೊಂದ್ ಗೇಣು,” ಎನ್ನುತ್ತಲೇ ಇದ್ದ ಚಂದ್ರು. ಇವರು ಉಂಗುರ ಎತ್ತಿಕೊಂಡು ಮಕ್ಕಳ ಹಾಗೆ ಅತ್ತರು. “ಗೆದ್ದಿದ್ದೆ ಕಣೇ ನಾನು. ಗೆದ್ದಿದ್ದೆ.” ಉಳಿದುಕೊಂಡೆ ಎಂದು ಅವರಿಗೆ ಅನ್ನಿಸಲೇ ಇಲ್ಲ.

ಮರುದಿನವೇ ಕೋಲು ಹೊತ್ತು ದೇವನಹಳ್ಳಿಗೆ. ನಾನೂ ಹಿಂದೆ. ಬಿಚ್ಚಿಹೋದ ಕಟ್ಟನ್ನೂ ಉಂಗುರವನ್ನೂ ಭಾಯ್ ಭೂತಗನ್ನಡಿಯ ಕೆಳಗೆ ಹಿಡಿದರು. ಪಾದವನ್ನು ಉಗುರಿನಿಂದ ಕೆರೆದರು. ಉಗುರಿನ ತುದಿಗೆ ಬಿಳಿಯ ಪುಡಿ. ಅದನ್ನು ಮೂಸಿದರು. ಆಮೇಲೆ ಅವರು ನೋಡಿದ್ದು ನನ್ನ ಮುಖವನ್ನಲ್ಲ, ಕೈಗಳನ್ನು. ಸೆರಗಿನೊಳಗೆ ಮುಚ್ಚಿಕೊಂಡೆ.

“ಏನ್ ಭಾಯ್, ಇದೇನಾ ನಿಮ್ಮಂಗಡಿ ಮಾಲು?” ಎಂದರು ಇವರು. “ಜನ್ಮಕ್ಕೊಂದ್ಸಲ ಬರೋ ಮೀನು!”

ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ತೆರೆದರೆ ನಾಳೆಯೇ ಇನ್ನೊಬ್ಬರಿಂದ ಗಟ್ಟಿಯಾಗಿ ಕಟ್ಟಿಸಿಕೊಂಡು ಅಲ್ಲಿಗೇ ಹೋಗುತ್ತಾರೆ ಎಂಬುದೊಂದೇ ತಲೆಯಲ್ಲಿತ್ತು.

“ಪಾದ ಜಾಸ್ತಿ ಉಜ್ಜಿಬಿಟ್ಟಿದ್ದೆ ರಾಜಣ್ಣ,” ಎಂದರು ಭಾಯ್ ತಣ್ಣಗೆ. “ಕೈ ನಡುಗ್ತದೆ ನೋಡಿ. ಅಮ್ಮನ ಕಟ್ಟು ಸರಿಯಾಗೇ ಇದೆ. ತಪ್ಪು ನಂದು.”

ಇವರು ಆಡಬಾರದ ಮಾತೆಲ್ಲ ಆಡಿ, ದಪದಪ ಇಳಿದು ಕಾರಿಗೆ ಹೋದರು. ಭಾಯ್ ಉಂಗುರವನ್ನು ಒಂದು ಕಾಗದದಲ್ಲಿ ಮಡಿಸಿ ನನ್ನ ಕೈಗಿಟ್ಟರು.

“ಮೇಣ ಬಹಳ ತೆಳ್ಳಗೆ ಹಚ್ಚಿದ್ದೀಯಮ್ಮ,” ಎಂದರು. “ಕೈ ಚೆನ್ನಾಗಿದೆ ನಿಂದು.”

ಅವತ್ತಿನಿಂದ ನನ್ನನ್ನು ಯಾರು ಹೊಗಳಿದರೂ ಆ ಮಾತೇ ಕೇಳಿಸುತ್ತದೆ.

ಖಾದರ್ ಭಾಯ್ ಅಂಗಡಿಯ ಕಟ್ಟು ಬಿಚ್ಚಿಕೊಂಡಿತಂತೆ ಎನ್ನುವುದು ಟ್ಯಾಕ್ಸಿಗಳ ಬಾಯಲ್ಲಿ ಊರೂರು ಸುತ್ತಿತು. ಕೋಲುಗಳು ಬರುವುದು ನಿಂತಿತು. ಭಾಯ್ ಒಂದೆರಡು ಮಳೆಗಾಲ ಕೊಡೆ ರಿಪೇರಿ ಮಾಡಿದರು, ಆಮೇಲೆ ಬಾಗಿಲೆಳೆದು ಹೊಸಕೋಟೆಯ ಮಗಳ ಮನೆಗೆ ಹೋದರೆಂದು ಕೇಳಿದೆ. ಬಸ್ಸಿಗೆ ಎಷ್ಟು ದೂರ ಹೊಸಕೋಟೆ? ನಾನು ಹೋಗಲಿಲ್ಲ. ಕೋಲು ಅಟ್ಟ ಸೇರಿತು, ಅದರ ಮರುವರ್ಷ ಮಳೆ ಕೈಕೊಟ್ಟು ಕ್ವಾರಿಯ ನೀರು ಇಳಿಯಿತು, ನಾನು ಉಸಿರು ಬಿಟ್ಟೆ.

ಈ ವರ್ಷ ಮತ್ತೆ ಹಾಗೇ ಹೊಯ್ಯುತ್ತಿದೆ.

ಮೆಟ್ಟಿಲಿಂದ ಎದ್ದು ಮೇಲೆ ಹೋದೆ. ಇವರು ನನ್ನ ಮೇಜಿನ ಮುಂದೆ, ನನ್ನ ಕುರ್ಚಿಯಲ್ಲಿ, ಕನ್ನಡಕ ಹಾಕಿಕೊಂಡು ಕೂತಿದ್ದರು. ಕೈಯಲ್ಲಿ ಅದೇ ಕೋಲು, ಮೆಲ್ಲಗೆ ತಿರುಗುತ್ತಿತ್ತು. ಕುರ್ಚಿಯ ಬೆನ್ನಿಗೆ ಕುಂಕುಮದ ಕಲೆಯ ಬೆಲ್ಟು.

“ಬಂದ್ಯಾ? ನೋಡಿಲ್ಲಿ. ನಿನಗೆ ತೊಂದ್ರೆ ಕೊಡೋದ್ಯಾಕೆ ಅಂತ ನಾನೇ ಕಟ್ದೆ. ನೀನು ಕಟ್ಟೋದು ನೋಡಿ ನೋಡಿ ಕಲ್ತಿದ್ದೆ. ಉಂಗುರ ಎಲ್ಲಾ ಹೊಸವು, ಆ ಖಾದರ್ ಮಾಲು ಒಂದೂ ಇಲ್ಲ.” ದನಿ ತಗ್ಗಿಸಿದರು. “ಕ್ವಾರಿ ತುಂಬಿದೆ ಗೀತಾ. ಚಂದ್ರು ಮೊನ್ನೆ ಆ ಮೀನು ನೋಡಿದ್ನಂತೆ. ಬೆನ್ನು ಇಷ್ಟಗಲ.”

ಅಭ್ಯಾಸ ಬಲ, ಕಟ್ಟನ್ನು ನೋಡಿದೆ. ಕಡುಗೆಂಪು ದಾರ, ಹೊಂಬಣ್ಣದ ಅಂಚು. ಸುತ್ತಿನ ಪಕ್ಕ ಸುತ್ತು, ನಡುವೆ ಕೂದಲು ತೂರದಷ್ಟು ಒತ್ತು. ಕೊನೆಯ ಸುತ್ತುಗಳನ್ನು ಎಣಿಸಿದೆ. ಎಂಟು. ಎಲ್ಲ ಉಂಗುರಕ್ಕೂ ಎಂಟು. ಎಲ್ಲೂ ತಪ್ಪಿಲ್ಲ. ಬಿಡುವ ಜಾಗ ಒಂದೂ ಇಲ್ಲ.

ಹೊಲಿಗೆ ಡಬ್ಬಿ ತಂದು, ಗುಂಡಿಗಳ ಅಡಿಯಿಂದ ಕಾಗದದ ಮಡಿಕೆ ತೆಗೆದು ಅವರ ಮುಂದೆ ಬಿಚ್ಚಿಟ್ಟೆ. ಉಂಗುರದ ಪಾದದಲ್ಲಿ ಇನ್ನೂ ಬಿಳುಪಿತ್ತು.

“ರೀ,” ಎಂದೆ, “ಖಾದರ್ ಭಾಯ್ ತಪ್ಪು ಏನೂ ಇರಲಿಲ್ಲ. ಕೆರೆದು ನೋಡಿ. ಮೇಣ. ನಾನೇ ಹಚ್ಚಿದ್ದು.”

ಇವರು ಉಂಗುರ ನೋಡಿದರು. ಕೆರೆಯಲಿಲ್ಲ. ನನ್ನ ಮುಖ ನೋಡಿದರು, ಅವತ್ತು ಒಂದು ಕಾಲು ನೀರಿನಲ್ಲಿಟ್ಟು ನೋಡಿದ ಹಾಗೇ. ಕೋಲು ತಿರುಗಿಸುತ್ತಿದ್ದ ಕೈ ನಿಂತುಹೋಗಿತ್ತು. ಹೊರಗೆ ಮಳೆ ಜೋರಾಯಿತು. ನಡುವಿನ ಉಂಗುರದ ಅಡಿಯಲ್ಲಿ ಅಂಟು ಮೆಲ್ಲಗೆ ಇಳಿದು, ಸೇರಿ, ಒಂದು ಹನಿಯಾಗಿ ತೂಗಿತು. ನನ್ನ ಕೈಗೆ ಎಟಕುವಷ್ಟೇ ದೂರದಲ್ಲಿತ್ತು ಕೋಲು. ಇಬ್ಬರೂ ಅದನ್ನು ನೋಡುತ್ತಿದ್ದೆವು. ಯಾರೂ ತಿರುಗಿಸಲಿಲ್ಲ.